2012ರ ರಿಮ್ ಬ್ರೇಕ್ ರೋಡ್ ಬೈಕಿಗೆ (ಸೈಕಲ್ಲಿಗೆ) ಎಲೆಕ್ಟ್ರಾನಿಕ್ ಗೇರ್ ಹಾಕಿಸಬಹುದಾ?

ಹಾಕಿಸಬಹುದು, ಆದ್ರೆ ನೀವು ಕೇಳ್ತಿರೋ ಶಿಮಾನೋ ಕಂಪನಿಯ ಹೊಸ 105 ಡಿಐ2 (ಕೇಬಲ್ ಎಳೆಯೋ ಬದಲು ಮೋಟರಿಂದ ಗೇರ್ ಹಾಕೋ ಸಿಸ್ಟಮ್ಮು) ಅಲ್ಲ. ನೀವು ಬರೆದಿರೋ ಪ್ರಕಾರ ಅಲ್ಯೂಮಿನಿಯಂ ಫ್ರೇಮು, ರಿಮ್ ಬ್ರೇಕು (ಚಕ್ರದ ಅಂಚನ್ನೇ ಹಿಡಿಯೋ ಬ್ರೇಕು), 10 ಸ್ಪೀಡ್ (ಹಿಂದೆ ಹತ್ತು ಗೇರ್) ಶಿಮಾನೋ 105, ಅಂದ್ರೆ 5700 ಸೀರೀಸು, ಗೇರ್ ಬೀಳೋದು ಗಟ್ಟಿ, ಲಾಂಗ್ ರೈಡಲ್ಲಿ ಎಡಗೈ ಹೆಬ್ಬೆರಳ ಬುಡ ನೋಯುತ್ತೆ, ಅಂಗಡಿಯವರು ಬೈಕೇ ಬದಲಾಯಿಸಿ ಅಂತಿದಾರೆ. ಅವರು ಇನ್ನೇನು ಹೇಳ್ತಾರೆ ಬಿಡಿ, ಅವರಿಗೆ ಬೈಕ್ ಮಾರಬೇಕು.

ದುಡ್ಡು ಬಿಚ್ಚೋ ಮುಂಚೆ ಒಂದು ಕೆಲಸ ಮಾಡಿ. 105ರಲ್ಲಿ ಗೇರ್ ಕೇಬಲ್ ಬಾರ್ ಟೇಪ್ ಒಳಗಿಂದ ಹೋಗೋಕೆ ಶುರುವಾಗಿದ್ದೇ ಈ 5700ಯಿಂದ, ಲಿವರ್ ಹತ್ರ ಕೇಬಲ್ಲು ಸಿಕ್ಕಾಪಟ್ಟೆ ಬಾಗುತ್ತೆ, ಹಂಗಾಗಿ ಹಳೇದಾದ್ಮೇಲೆ ಅಲ್ಲೇ ಹಿಡ್ಕೊಳ್ಳೋದು. ಒಳಗಿನ ವೈರು, ಹೊರಗಿನ ಹೌಸಿಂಗು ಎರಡೂ ಹೊಸದು ಹಾಕಿಸಿ, ಡಿರೇಲರನ್ನ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಫ್ರೇಮಿಗೆ ಹಿಡಿಯೋ ಹ್ಯಾಂಗರ್ ಸೊಟ್ಟ ಆಗಿದ್ಯಾ ಅಂತ ಗೇಜ್ ಇಟ್ಟು ನೋಡೋಕೆ ಹೇಳಿ, ಚೈನ್ ಸವೆದಿದ್ರೆ ಅದನ್ನೂ ಬದಲಾಯಿಸಿ. ಸೊಟ್ಟ ಹ್ಯಾಂಗರ್ ಮೇಲೆ ಎಷ್ಟೇ ದುಬಾರಿ ಮೋಟರ್ ಕೂರಿಸಿದ್ರೂ ಗೇರ್ ಹಾರೋದು ಹಾರುತ್ತೆ. ಇಷ್ಟು ಮಾಡಿದ್ಮೇಲೂ ಎಲೆಕ್ಟ್ರಾನಿಕ್ಕೇ ಬೇಕು ಅಂದ್ರೆ ಮುಂದೆ ಓದಿ.

ಹೊಸ 105 ಡಿಐ2 ಬಂದಿದ್ದು 2022ರಲ್ಲಿ, ಅದು ಬರೀ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ. ನಿಮ್ಮ ಫ್ರೇಮಲ್ಲಿ ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನ ಹಿಡಿಯೋ ಭಾಗ) ಕೂರಿಸೋಕೆ ಜಾಗವೇ ಇಲ್ಲ, ಅಲ್ಲಿಗೆ ಅದರ ಕಥೆ ಮುಗೀತು. ಶಿಮಾನೋದ್ದೇ 105ಗಿಂತ ಮೇಲಿನ ಸೀರೀಸು, 2021ರ ಅಲ್ಟೆಗ್ರಾ 8150ಗೆ ರಿಮ್ ಬ್ರೇಕ್ ಲಿವರ್ ಇದೆ, ಆದ್ರೆ ಅದು 12 ಸ್ಪೀಡು, ಅದರ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಕೂರಬೇಕು ಅಂದ್ರೆ 11 ಸ್ಪೀಡಿನ ಫ್ರೀಹಬ್ (ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಕೂರೋ ಭಾಗ) ಬೇಕು, ಅದು ನಿಮ್ಮ 10 ಸ್ಪೀಡ್ ಫ್ರೀಹಬ್ಬಿಗಿಂತ 1.85 ಮಿಲಿಮೀಟರ್ ಉದ್ದ. ಕೇಳೋಕೆ ಕೂದಲೆಳೆ ಅನ್ಸುತ್ತೆ, ಆದ್ರೆ ಆ ಎರಡು ಮಿಲಿಮೀಟರಿಗೋಸ್ಕರ ಹಿಂದಿನ ಚಕ್ರ ಹೊಸದು, ಆಮೇಲೆ ಚೈನು, ಕ್ರ್ಯಾಂಕು (ಪೆಡಲ್ ಕೂರೋ ಕೈ), ಲೆಕ್ಕ ಲಕ್ಷ ದಾಟುತ್ತೆ. 2012ರ ಬೈಕ್ ಮೇಲೆ ಅಷ್ಟು ಸುರಿಯೋದು ನನಗಂತೂ ಸರಿ ಕಾಣಲ್ಲ.

ನಿಮಗೆ ಬೇಕಾಗಿರೋದು ಅಲ್ಟೆಗ್ರಾ 6770, ಸೆಕೆಂಡ್ ಹ್ಯಾಂಡಲ್ಲಿ. ಇದು 2011ರಲ್ಲಿ ಬಂದ ಡಿಐ2, ಮುಖ್ಯ ವಿಷಯ ಏನಂದ್ರೆ ಇದು 10 ಸ್ಪೀಡು. ನಿಮ್ಮ ಕ್ಯಾಸೆಟ್, ಚೈನು, ಕ್ರ್ಯಾಂಕ್, ಚಕ್ರ, ಬ್ರೇಕ್ ಕ್ಯಾಲಿಪರ್ ಯಾವುದನ್ನೂ ಮುಟ್ಟಬೇಕಿಲ್ಲ, ಲಿವರು, ಎರಡು ಡಿರೇಲರು, ವೈರು, ಬ್ಯಾಟರಿ ಇಷ್ಟೇ ಬದಲಾಗೋದು. ನನ್ನ ಹಳೇ ಬೈಕಲ್ಲೂ ಇದೇ ಇದೆ, ಮೈಸೂರಲ್ಲಿ ಓಡಿಸ್ತೀನಿ. ಒಂದೇ ಕೊರತೆ, ಹಿಂದಿನ ಡಿರೇಲರಿನ ಸಾಮಾನ್ಯ ಮಾಡೆಲ್ 28 ಹಲ್ಲಿನ ತನಕ ಮಾತ್ರ ತಗೊಳುತ್ತೆ. ಮುಂದೆ 34 ಹಲ್ಲಿನ ರಿಂಗ್ ಇದ್ರೆ ಚಾಮುಂಡಿ ಬೆಟ್ಟಕ್ಕೆ ಧಾರಾಳ ಸಾಕು, ನಂದಿಯ ಕೊನೇ ತಿರುವುಗಳಲ್ಲಿ ಮಾತ್ರ ಇನ್ನೊಂದು ಗೇರ್ ಇದ್ದಿದ್ರೆ ಅನ್ಸುತ್ತೆ.

ಫ್ರೇಮಲ್ಲಿ ತೂತಿಲ್ಲ, ವೈರ್ ಹೆಂಗೆ ಹೋಗುತ್ತೆ ಅಂತ ಕೇಳಿದೀರ. ದಯವಿಟ್ಟು ಡ್ರಿಲ್ ಹಿಡಿಯೋಕೆ ಯಾರಿಗೂ ಬಿಡ್ಬೇಡಿ, ತೆಳು ಅಲ್ಯೂಮಿನಿಯಂ ಟ್ಯೂಬಲ್ಲಿ ತೂತು ಕೊರೆದ್ರೆ ಕ್ರ್ಯಾಕ್ ಅಲ್ಲಿಂದಲೇ ಶುರುವಾಗೋದು. ಹೊರಗಡೆಯಿಂದ ಹೋಗೋಕೆ ಅಂತಲೇ ಒಂದು ಜಂಕ್ಷನ್ ಬಾಕ್ಸ್ ಬರುತ್ತೆ, ಈಗ ಬಾಟಮ್ ಬ್ರ್ಯಾಕೆಟ್ (ಪೆಡಲಿನ ಅಚ್ಚು ಕೂರೋ ಜಾಗ) ಕೆಳಗೆ ಪ್ಲಾಸ್ಟಿಕ್ಕಿನ ಕೇಬಲ್ ಗೈಡ್ ಕೂತಿದ್ಯಲ್ಲ, ಅದೇ ಸ್ಕ್ರೂ ತೂತಿಗೆ ಕೂರುತ್ತೆ. ಅಲ್ಲಿಂದ ಮುಂದೊಂದು, ಹಿಂದೊಂದು, ಮೇಲೊಂದು ವೈರು, ಟ್ಯೂಬಿಗೆ ಅಂಟೋ ಕವರ್ ಒಳಗೆ ಮುಚ್ಚಿಕೊಂಡು ಹೋಗುತ್ತೆ. ಬ್ಯಾಟರಿ ಬಾಟಲ್ ಕೇಜ್ ಕೆಳಗೆ. ನೋಡೋಕೆ ಅಷ್ಟೇನು ಚೆಂದ ಇಲ್ಲ, ಒಪ್ಕೊಳ್ತೀನಿ. ವೈರಿನ ತುದಿ ಕೂರಿಸೋಕೆ ಒಂದು ಪುಟ್ಟ ಪ್ಲಾಸ್ಟಿಕ್ ಟೂಲ್ ಇದೆ, ಅದರಲ್ಲೇ ಒತ್ತಿ, ಟಕ್ ಅನ್ನೋ ತನಕ, ಅರ್ಧಂಬರ್ಧ ಕೂತ ಕನೆಕ್ಟರೇ ಮಳೇಲಿ ಕೈ ಕೊಡೋದು.

ಫ್ರಂಟ್ ಡಿರೇಲರ್ ಬ್ರೇಜ್-ಆನ್ ಟೈಪು (ಫ್ರೇಮಲ್ಲೇ ಇರೋ ಮೌಂಟಿಗೆ ಸ್ಕ್ರೂ ಆಗೋದು), ನಿಮ್ಮದು ಸೀಟ್ ಟ್ಯೂಬಿಗೆ ಬ್ಯಾಂಡ್ ಸುತ್ತೋ ಥರ ಇದ್ರೆ ಟ್ಯೂಬ್ ಅಳತೆಯ ಕ್ಲ್ಯಾಂಪ್ ಅಡಾಪ್ಟರ್ ಬೇರೆ ತಗೋಬೇಕು, 28.6, 31.8, 34.9 ಮಿಲಿಮೀಟರಲ್ಲಿ ಯಾವುದೋ ಒಂದು. ವರ್ನಿಯರ್ ಕ್ಯಾಲಿಪರ್ (ಅಳತೆ ಉಪಕರಣ) ಇಟ್ಟು ಅಳೀರಿ, ಅಂದಾಜಲ್ಲಿ ಆರ್ಡರ್ ಮಾಡ್ಬೇಡಿ.

ಇನ್ನು ಸುಖದ ವಿಷಯ. ನಿಮ್ಮ ಕೈನೋವಿಗೆ ನಿಜವಾದ ಔಷಧಿ ಇರೋದು ಮುಂದಿನ ಗೇರಲ್ಲಿ. ಚಿಕ್ಕ ರಿಂಗಿಂದ ದೊಡ್ಡ ರಿಂಗಿಗೆ ಹಾಕೋವಾಗ ಈಗ ಇಡೀ ಲಿವರ್ ತಳ್ತೀರಲ್ಲ, ಅದು ಮೌಸ್ ಕ್ಲಿಕ್ ಆಗಿಬಿಡುತ್ತೆ, ಝಿಕ್ ಅಂತ ಒಂದು ಸಣ್ಣ ಸದ್ದು, ಚೈನ್ ಮೇಲೆ ಹತ್ತಿರುತ್ತೆ. ಹಿಂದೆ ಗೇರ್ ಬದಲಾಯಿಸ್ತಾ ಹೋದಂಗೆ ಮುಂದಿನ ಡಿರೇಲರ್ ತಾನೇ ಚೂರು ಪಕ್ಕಕ್ಕೆ ಸರಿಯುತ್ತೆ, ಚೈನ್ ಉಜ್ಜೋ ಶಬ್ದವೇ ಇರಲ್ಲ. ನಾನು ಮೆಕ್ಯಾನಿಕಲ್ಲೇ ಸಾಕು ಅನ್ನೋ ಪಾರ್ಟಿಯವನು, ಆದ್ರೆ ಈ ಮುಂದಿನ ಗೇರಿನ ವಿಷಯದಲ್ಲಿ ವಾದ ಮಾಡೋಕೆ ನನ್ನ ಹತ್ರ ಏನೂ ಉಳಿದಿಲ್ಲ. ಬೈಯೋದಾದ್ರೆ ಬಟನ್ನುಗಳಿಗೆ ಬೈತೀನಿ, ಎರಡೂ ಅಂಟ್ಕೊಂಡಂಗಿವೆ, ದಪ್ಪ ಗ್ಲೌಸ್ ಹಾಕಿದ್ರೆ ಯಾವುದು ಒತ್ತಿದೆ ಅಂತಲೇ ಗೊತ್ತಾಗಲ್ಲ.

ಚಾರ್ಜ್ ದಿನಾ ಹಾಕಬೇಕಾ ಅಂತ ಹೆದರ್ಬೇಡಿ, ಒಂದ್ಸಲ ಹಾಕಿದ್ರೆ ತಿಂಗಳುಗಟ್ಟಲೆ ಬರುತ್ತೆ. ಮುಗಿಯೋಕೆ ಬಂದಾಗ ಮೊದಲು ಮುಂದಿನ ಡಿರೇಲರ್ ನಿಲ್ಲುತ್ತೆ, ಹಿಂದಿನದು ಇನ್ನೂ ಸ್ವಲ್ಪ ಹೊತ್ತು ನಡೆಯುತ್ತೆ, ಮನೆ ಕಡೆ ತಿರುಗಿ ಅಂತ ಅದೇ ಸೂಚನೆ. ಇನ್ನೊಂದು, ಬೈಕ್ ಬಲಗಡೆಗೆ ಬಿದ್ದು ಡಿರೇಲರಿಗೆ ಏಟಾದ್ರೆ ಮೋಟರ್ ಉಳಿಸ್ಕೊಳ್ಳೋಕೆ ಅಂತ ಅದು ತಾನೇ ಬಿಡಿಸ್ಕೊಂಡುಬಿಡುತ್ತೆ, ಬಟನ್ ಒತ್ತಿದ್ರೂ ಗೇರ್ ಅಲ್ಲಾಡಲ್ಲ. ಹಾಳಾಯ್ತು ಅಂತ ಆಟೋ ಕರೀಬೇಡಿ, ಹ್ಯಾಂಡಲ್ ಹತ್ರದ ಜಂಕ್ಷನ್ ಬಟನ್ನನ್ನ ಕೆಂಪು ಲೈಟ್ ಬರೋ ತನಕ ಒತ್ತಿ ಹಿಡಿದು, ಪೆಡಲ್ ತಿರುಗಿಸ್ತಾ ಗೇರ್ ಹಾಕಿ, ಮತ್ತೆ ಕೂತ್ಕೊಳ್ಳುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಹುಷಾರಾಗಿರಬೇಕಾದ್ದು ಒಂದಿದೆ. 2009ರ ಶಿಮಾನೋ ಡ್ಯುರಾ-ಏಸ್ 7970 ಕೂಡ 10 ಸ್ಪೀಡ್ ಡಿಐ2ನೇ, ಅಗ್ಗಕ್ಕೆ ಸಿಕ್ತು ಅಂತ ಅದರ ಒಂದೆರಡು ಪಾರ್ಟ್ ತಂದು 6770 ಜೊತೆ ಸೇರಿಸೋಕೆ ಹೋಗ್ಬೇಡಿ, ವೈರೂ ಬೇರೆ, ಒಂದಕ್ಕೊಂದು ಮಾತಾಡಲ್ಲ. 11 ಸ್ಪೀಡಿನ 6870 ಲಿಸ್ಟಿಂಗುಗಳೂ ನೋಡೋಕೆ ಹಂಗೇ ಇರ್ತವೆ, ಅದಕ್ಕೆ ಡಿರೇಲರ್ ಹಿಂದೆ ಕೆತ್ತಿರೋ ನಂಬರ್ ಫೋಟೋ ತರಿಸ್ಕೊಳ್ಳಿ. ಬ್ಯಾಟರಿ ಜೊತೆ ಚಾರ್ಜರ್ ಕೊಡ್ತಾರಾ ಕೇಳಿ, ಹೊರಗಡೆ ಕೂರೋ ಬ್ಯಾಟರಿಗೆ ಅದರದ್ದೇ ಚಾರ್ಜರ್ ಬೇಕು, ಫೋನ್ ಕೇಬಲ್ಲಲ್ಲಿ ನಡೆಯಲ್ಲ.

ವೈರೇ ಬೇಡ ಅನ್ನೋದಾದ್ರೆ ಸ್ರಾಮ್ ಕಂಪನಿಯ ಹಳೇ ರೆಡ್ ಇಟ್ಯಾಪ್ ಇದೆ, ರಿಮ್ ಬ್ರೇಕಿಂದು, ಪ್ರತಿ ಡಿರೇಲರಿಗೂ ಅದರದ್ದೇ ಪುಟ್ಟ ಬ್ಯಾಟರಿ, ಫ್ರೇಮಿಗೆ ಒಂದು ಗೀಟೂ ಬೀಳಲ್ಲ. ಆದ್ರೆ ಅದು 11 ಸ್ಪೀಡು, ಅಲ್ಲಿಗೆ ಮತ್ತೆ ಫ್ರೀಹಬ್ ತಕರಾರು, 130 ಮಿಲಿಮೀಟರ್ ಅಗಲದ 11 ಸ್ಪೀಡ್ ಹಿಂದಿನ ಚಕ್ರ ಒಂದು ಹುಡುಕಬೇಕು. ಅಂಥ ಚಕ್ರ ನಿಮಗೆ ಈಗಾಗ್ಲೇ ಇದ್ರೆ ನಾನು ಮೇಲೆ ಹೇಳಿದ್ದೆಲ್ಲ ಬಿಟ್ಟು ಇದನ್ನೇ ತಗೊಳ್ಳಿ.