ಪ್ರತಿಕ್ರಿಯೆ: ನ್ಯೂಯಾರ್ಕ್‌ನ ನಕ್ಷೆಗಳು ಮಿಲ್ವಾಕಿಯಲ್ಲಿ ಯಾಕೆ?

ಭೂಗೋಳ ಅಧ್ಯಯನದ ಸಂಸ್ಥೆಯಾದ ಅಮೆರಿಕನ್ ಜಿಯಾಗ್ರಫಿಕಲ್ ಸೊಸೈಟಿಯ ನಕ್ಷೆಗಳ ಲೈಬ್ರರಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಯಾಕಿದೆ, ಅಲ್ಲಿ ಮೊದಲು ಏನು ನೋಡಬೇಕು ಅಂತ ಕೇಳಿದ್ದೀರಿ. ಸೊಸೈಟಿ 1851ರಲ್ಲಿ ಶುರುವಾದದ್ದು ನ್ಯೂಯಾರ್ಕ್‌ನಲ್ಲೇ. ಇಷ್ಟು ದೊಡ್ಡ ಸಂಗ್ರಹ ನೋಡಿಕೊಳ್ಳಲು ಕೊನೆಗೆ ದುಡ್ಡು ಸಾಲಲಿಲ್ಲ. 1978ರಲ್ಲಿ ಆ ಸಂಗ್ರಹ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕಿ ಕ್ಯಾಂಪಸ್‌ಗೆ ಬಂತು. ಈಗ ನಕ್ಷೆ, ಅಟ್ಲಾಸ್, ಗ್ಲೋಬ್, ಫೋಟೋ ಎಲ್ಲ ಸೇರಿ 10 ಲಕ್ಷಕ್ಕೂ ಜಾಸ್ತಿ ಇವೆ.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ವೆನಿಸ್‌ನ ಜೊವಾನಿ ಲಿಯಾರ್ದೊ 1452ರಲ್ಲಿ ಬರೆದ ಜಗತ್ತಿನ ನಕ್ಷೆ. ಮಧ್ಯದಲ್ಲಿ ಜೆರುಸಲೇಂ, ಪೂರ್ವ ದಿಕ್ಕು ಮೇಲಕ್ಕೆ. ಸುತ್ತಲಿನ ವೃತ್ತಗಳಲ್ಲಿ ಈಸ್ಟರ್ ಹಬ್ಬದ ದಿನ ತಿಳಿಯುವ ಪಂಚಾಂಗ! ದಕ್ಷಿಣದ ತುದಿಯಲ್ಲಿ ಸೆಕೆಗೆ, ಉತ್ತರದ ತುದಿಯಲ್ಲಿ ಚಳಿಗೆ ಜನ ಬದುಕಲಾರರು ಅಂತ ತೋರಿಸಿದ್ದಾನೆ. ಎಷ್ಟು ಹೊತ್ತು ನೋಡಿದರೂ ಸಾಲದು. ಅಂದಹಾಗೆ, ಮೊದಲ ಮಹಾಯುದ್ಧ ಮುಗಿದ ಮೇಲೆ ನಡೆದ 1919ರ ಪ್ಯಾರಿಸ್ ಶಾಂತಿ ಮಾತುಕತೆಗೆ ಅಮೆರಿಕದವರು ತಯಾರಿ ನಡೆಸುವಾಗಲೂ ಈ ಸೊಸೈಟಿಯ ನಕ್ಷೆಗಳನ್ನೇ ಬಳಸಿದ್ದರು.