ಒಂಬತ್ತು ಗಂಟೆಯ ಗೇಟು

"ರಾತ್ರಿ ಹುಲಿ ಬರುತ್ತೆ ಅಂತ ನಿಮ್ಮ ಕಡೆ ರಸ್ತೇನೇ ಮುಚ್ತಾರಂತೆ, ಹೌದಾ?" ಅಂತ ಕೇಳಿದೆಯಲ್ಲಪ್ಪ, ಮುಚ್ಚೋದು ಹುಲಿಯಿಂದ ನಮ್ಮನ್ನ ಉಳಿಸೋಕಲ್ಲ, ನಿಮ್ಮ ಗಾಡಿಗಳಿಂದ ಪ್ರಾಣಿಗಳನ್ನ ಉಳಿಸೋಕೆ. 2009ರಿಂದ ಇದೇ ಪಾಡು. ಗುಂಡ್ಲುಪೇಟೆಯಿಂದ ಬಂಡೀಪುರ ಕಾಡು ಹಾದುಹೋಗೋ ಎರಡು ಹೆದ್ದಾರಿ, ಕೇರಳದ ಸುಲ್ತಾನ್ ಬತ್ತೇರಿದೂ ತಮಿಳುನಾಡಿನ ಗೂಡಲೂರಿದೂ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆಂಬುಲೆನ್ಸು, ಎಣಿಸಿದಷ್ಟು ಸರ್ಕಾರಿ ಬಸ್ಸು ಬಿಟ್ಟರೆ ಯಾರಿಗೂ ಗೇಟು ಏಳಲ್ಲ.

ನೀವು ಸಿಕ್ಕಿಹಾಕಿಕೊಳ್ಳೋದು ಊಟಿಯಿಂದ ವಾಪಸ್ ಬರುವಾಗ. ಫೋನಿನ ಮ್ಯಾಪು ಮಸಿನಗುಡಿ ದಾರಿ ಹತ್ತಿರ ಅನ್ನುತ್ತೆ. ಆದರೆ ಆ ದಾರಿಯ ಕಲ್ಲಟ್ಟಿ ಘಾಟಿನ 36 ತಿರುವಲ್ಲಿ ಹೊರಗಿನ ಗಾಡಿಗಳನ್ನ ಇಳಿಯೋಕೆ ಬಿಡಲ್ಲ. ಗೂಡಲೂರು ಸುತ್ತಿಯೇ ಬರಬೇಕು. ಗೂಡಲೂರಿಗೇ 50 ಕಿ.ಮೀ. ಇಳಿಜಾರು, ಎರಡು ಗಂಟೆ ಇಟ್ಕೋ. ಮುಂದೆ ಮುದುಮಲೆ ಕಾಡು, ಸಾಲುಸಾಲು ಹಂಪು, ನಡುವೆ ಆನೆ ನಿಂತರೆ ಇನ್ನರ್ಧ ಗಂಟೆ. ಹಾರನ್ ಮಾಡಬೇಡ, ಇಳೀಬೇಡ, ದೂರದಲ್ಲೇ ನಿಲ್ಲಿಸು. ಒಟ್ಟಿನಲ್ಲಿ ಸಂಜೆ 5ಕ್ಕೆ ಊಟಿ ಬಿಟ್ಟಿರಬೇಕು. ನಮಗೆ ಮದುವೆ, ಆಸ್ಪತ್ರೆ, ತರಕಾರಿ ಲೋಡು ಎಲ್ಲಕ್ಕೂ ಇದೇ ಲೆಕ್ಕ. ಬತ್ತೇರಿ ಕಡೆ ಮದ್ದೂರು ಗೇಟಲ್ಲಿ ತಡವಾದ ಲಾರಿಯವನು ರಸ್ತೆ ಪಕ್ಕ ಸ್ಟೌ ಹಚ್ಚಿ ಅನ್ನಕ್ಕಿಟ್ಟಿರ್ತಾನೆ, ಮೇಲೆ ಟಾರ್ಪಾಲಿನೊಳಗೆ ಬೀನ್ಸು ಬೆವರ್ತಾ ಇರುತ್ತೆ. ಗೇಟು ಹಾಕಿದ್ದಕ್ಕೆ ಬೈತೀವಿ. ತೆಗೀತೀವಿ ಅಂದವರಿಗೆ ಇನ್ನೂ ಜೋರಾಗಿ ಬೈತೀವಿ!

ಕಾಡು ನೋಡೋಕೆ ಜೀಪೇ ಹತ್ತಬೇಕು ಅಂತೇನಿಲ್ಲ. ಗುಂಡ್ಲುಪೇಟೆಯಿಂದ ಊಟಿ ಕಡೆ ಹೋಗ್ತಾ ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಗೋಪಾಲಸ್ವಾಮಿ ಬೆಟ್ಟದ ದಾರಿ. ಕಾರು ಬುಡದಲ್ಲೇ ನಿಲ್ಲಿಸು, ಮೇಲಕ್ಕೆ ಸರ್ಕಾರಿ ಬಸ್ಸು. ಬೆಳಿಗ್ಗೆಯೇ ಹೋಗು, ಸಂಜೆಗೆ ಬಾಗಿಲು ಹಾಕ್ತಾರೆ. ಆಷಾಢದಲ್ಲಿ ದಾರಿಯುದ್ದ ಚೆಂಡುಹೂವಿನ ಹೊಲ. ಹೊಲದ ಅಂಚಿಗೆ ಆನೆ ಕಂದಕ, ಸೋಲಾರ್ ತಂತಿ, ಕೆಲವು ಕಡೆ ರೈಲ್ವೆ ಕಂಬಿಯ ಬೇಲಿ. ಮಳೆಗೆ ಕಂದಕದ ದಂಡೆ ಕುಸಿಯುತ್ತೆ, ಮಿಕ್ಕ ಮಣ್ಣನ್ನ ಆನೆ ಕಾಲಲ್ಲೇ ಒದ್ದು ಕೆಡವಿ ದಾಟುತ್ತೆ. ಹೊಲದೋರ ಜೊತೆ ಹೋದರೆ ಹೆಜ್ಜೆ ನೋಡಬಹುದು: ದುಂಡಗಿರೋದು ಮುಂಗಾಲು, ಉದ್ದುದ್ದ ಇರೋದು ಹಿಂಗಾಲು. ಮುಂಗಾಲಿನ ಗುರುತಿನ ಸುತ್ತ ದಾರ ಹಿಡಿದು ಅಳೆದು ಎರಡರಷ್ಟು ಮಾಡು, ಹೆಚ್ಚುಕಡಿಮೆ ಭುಜದ ಎತ್ತರ ಸಿಗುತ್ತೆ. ಲದ್ದಿಯಲ್ಲಿ ಹಬೆ ಏಳ್ತಿದ್ದರೆ ದಾರ ಅಲ್ಲೇ ಬಿಟ್ಟು ಬಾ. ಲಂಟಾನ ಪೊದೆ ಹತ್ತಡಿ ಆಚೆ ನಿಂತ ಆನೆಯನ್ನೂ ಮುಚ್ಚಿಡುತ್ತೆ.

ಊಟಿಗೆ ಹೋಗೋದಾದರೆ ನೀಲಗಿರಿ ಜಿಲ್ಲೆಗೆ ಗಾಡಿ ಬಿಡೋಕೆ ಬೇಕಾದ ಇ-ಪಾಸು ಮೊದಲೇ ಮಾಡಿಸ್ಕೋ, ಪ್ಲಾಸ್ಟಿಕ್ ಬಾಟಲಿ ಮನೇಲೇ ಬಿಡು. 9.05ಕ್ಕೆ ಬಂದು "ಐದು ನಿಮಿಷ ತಾನೇ ಸಾರ್" ಅನ್ನಬೇಡ. ಆ ಮಾತನ್ನ ಗೇಟಿನವರು ದಿನಾ ಮೂರು ಭಾಷೇಲಿ ಕೇಳಿರ್ತಾರೆ.