ಚೆಕ್ ಎಂಬ ಪದವೂ ಪಾರಸಿಯ ರಾಜನೂ

ಪ್ರಶ್ನೆ: ಇಂಗ್ಲಿಷಿನ ‘ಚೆಕ್’ ಪದಕ್ಕೆ ಪರೀಕ್ಷಿಸು ಎಂಬ ಅರ್ಥವಿದೆ, ತಡೆ ಎಂಬ ಅರ್ಥವೂ ಇದೆ. ಚದುರಂಗದಲ್ಲಿ ರಾಜನ ಮೇಲೆ ದಾಳಿ ಬಂದಾಗ ‘ಚೆಕ್’ ಎನ್ನುತ್ತಾರೆ, ಚೌಕುಳಿ ಬಟ್ಟೆಯನ್ನೂ ಹಾಗೆಯೇ ಕರೆಯುತ್ತಾರೆ, ಬ್ಯಾಂಕಿನ ಚೆಕ್ಕಿಗೂ ಅದೇ ಉಚ್ಚಾರಣೆ. ಇವು ಬೇರೆ ಬೇರೆ ಮೂಲದ ಪದಗಳು ಆಕಸ್ಮಿಕವಾಗಿ ಒಂದೇ ರೂಪ ತಾಳಿದವೇ, ಅಥವಾ ಒಂದೇ ಪದವೇ?

ಉತ್ತರ: ಇವೆಲ್ಲವೂ ಒಂದೇ ಪದದ ಸಂತಾನ. ಮೂಲಪುರುಷ ಪಾರಸಿ ಭಾಷೆಯ ‘ಶಾಹ್’, ಅಂದರೆ ರಾಜ. ಒಬ್ಬ ರಾಜನ ಹೆಸರು ಪರಿಶೀಲನೆ, ತಡೆ, ಬಟ್ಟೆಯ ವಿನ್ಯಾಸ, ಹಣದ ಪತ್ರ ಇಷ್ಟಕ್ಕೂ ಹೇಗೆ ಸಲ್ಲುವಂತಾಯಿತು ಎಂಬುದನ್ನು ನೇರವಾಗಿ ಊಹಿಸಲು ಸಾಧ್ಯವಿಲ್ಲ; ನಡುವಿನ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದರೆ ಮಾತ್ರ ದಾರಿ ಕಾಣುತ್ತದೆ.

ಮೊದಲು ‘ಶಾಹ್’ ಪದದ ವಿಚಾರ. ಕ್ರಿ.ಪೂ. 6ನೆಯ ಶತಮಾನದ ಕೊನೆಯಲ್ಲಿ ಪಾರಸಿಯ ಅರಸ ಡೇರಿಯಸ್ ಇಂದಿನ ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ತನ್ನನ್ನು ‘ಖ್ಷಾಯಥಿಯ’ ಎಂದು ಕರೆದುಕೊಳ್ಳುತ್ತಾನೆ. ಆ ದೀರ್ಘ ಪದವೇ ಶತಮಾನಗಳ ಬಳಕೆಯಲ್ಲಿ ಸವೆದು ‘ಶಾಹ್’ ಆಯಿತು. ಅದರ ಧಾತು ಆಳುವಿಕೆಯನ್ನು ಸೂಚಿಸುವಂಥದು. ಸಂಸ್ಕೃತದ ‘ಕ್ಷತ್ರ’ ಕೂಡ ಅದೇ ಕುಲಕ್ಕೆ ಸೇರಿದೆ. ಹಾಗಾಗಿ ಕ್ಷತ್ರಿಯನಿಗೂ ಬ್ಯಾಂಕಿನ ಚೆಕ್ಕಿಗೂ ದೂರದ ರಕ್ತಸಂಬಂಧವಿದೆ ಎಂದರೆ ಅದು ಉತ್ಪ್ರೇಕ್ಷೆಯಾಗದು.

ಚದುರಂಗದ ಆಟ ಭಾರತದಿಂದ ಪಾರಸಿಗೆ, ಅಲ್ಲಿಂದ ಅರಬ್ಬರಿಗೆ, ಅವರ ಮೂಲಕ ಯೂರೋಪಿಗೆ ಹೋಯಿತು. ಎದುರಾಳಿಯ ರಾಜನ ಮೇಲೆ ದಾಳಿ ಮಾಡಿದವನು ‘ಶಾಹ್’ ಎಂದು ಕೂಗಿ ಎಚ್ಚರಿಸುವ ರೂಢಿಯೂ ಆಟದೊಡನೆಯೇ ಪ್ರಯಾಣ ಮಾಡಿತು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಕೊನೆಯ ಹಕಾರ ಕಕಾರವಾಗಿ ‘ಸ್ಕಾಕುಸ್’ ಎಂಬ ರೂಪ ಹುಟ್ಟಿತು. ಹಳೆಯ ಫ್ರೆಂಚಿನಲ್ಲಿ ಅದು ‘ಎಶೆಕ್’ ಆಯಿತು. ಈ ಫ್ರೆಂಚ್ ಪದದ ಏಕವಚನದಿಂದ ಇಂಗ್ಲಿಷಿನ ‘ಚೆಕ್’ ಬಂದರೆ, ಬಹುವಚನದಿಂದ ಆಟದ ಹೆಸರಾದ ‘ಚೆಸ್’ ಬಂದಿತು. ಆಟದ ಮೂಲ ಹೆಸರಾದ ‘ಚತುರಂಗ’ ಸ್ಪ್ಯಾನಿಷಿನ ‘ಅಖೆದ್ರೆಸ್’ ಮತ್ತು ಪೋರ್ಚುಗೀಸಿನ ‘ಶದ್ರೆಸ್’ ಎಂಬ ರೂಪಗಳಲ್ಲಿ ಉಳಿದುಕೊಂಡಿದೆ. ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳಾದರೋ ಆಟವನ್ನು ಅದರ ರಾಜನ ಹೆಸರಿನಿಂದಲೇ ಗುರುತಿಸಿದವು.

ಅರ್ಥದ ಬೆಳವಣಿಗೆ ಇಲ್ಲಿಂದ ಮುಂದೆ. ‘ಚೆಕ್’ ಎಂದು ಕೇಳಿದ ಆಟಗಾರ ತಾನು ಯೋಚಿಸಿದ್ದ ನಡೆಯನ್ನು ಕೈಬಿಟ್ಟು ರಾಜನ ರಕ್ಷಣೆಗೆ ನಿಲ್ಲಲೇಬೇಕು. ಹೀಗೆ ಮುನ್ನಡೆಯುತ್ತಿದ್ದವನಿಗೆ ಒದಗುವ ಹಠಾತ್ ಅಡ್ಡಿಗೆ ಆ ಹೆಸರು ಅನ್ವಯವಾಗಿ, ಆಟದ ಹೊರಗೂ ‘ತಡೆ’, ‘ಹಿಡಿತದಲ್ಲಿಡು’ ಎಂಬ ಅರ್ಥಗಳು ನೆಲೆಗೊಂಡವು. ವಂಚನೆಯನ್ನು ತಡೆಯಬೇಕಾದರೆ ಒಂದು ಲೆಕ್ಕವನ್ನು ಇನ್ನೊಂದರೊಡನೆ ಹೋಲಿಸಿ ನೋಡಬೇಕಾಗುತ್ತದೆ. ಆ ಹೋಲಿಕೆಯ ಕೆಲಸಕ್ಕೇ ‘ಚೆಕ್’ ಎಂಬ ಹೆಸರು ಬಂದದ್ದರಿಂದ ‘ಪರಿಶೀಲಿಸು’ ಎಂಬ ಅರ್ಥ ಹುಟ್ಟಿತು. ಇಂದು ನಮಗೆ ಮೊದಲು ಹೊಳೆಯುವ ಈ ಅರ್ಥ ವಾಸ್ತವದಲ್ಲಿ ತಡವಾಗಿ ಬಂದದ್ದು: ಚದುರಂಗದ ಬಳಕೆ ಇಂಗ್ಲಿಷಿನಲ್ಲಿ 14ನೆಯ ಶತಮಾನದಿಂದಲೇ ಕಾಣಸಿಗುತ್ತದೆ, ಪರಿಶೀಲನೆಯ ಅರ್ಥ ಕಾಣಿಸಿಕೊಳ್ಳುವುದು 17ನೆಯ ಶತಮಾನದ ಕೊನೆಯಲ್ಲಿ. ಅತ್ಯಂತ ಪರಿಚಿತವಾದ ಅರ್ಥವೇ ಅತ್ಯಂತ ಹಳೆಯದೆಂದು ಭಾವಿಸುವುದು ಪದಮೂಲದ ಚರ್ಚೆಗಳಲ್ಲಿ ಪದೇಪದೇ ಕಾಣುವ ತಪ್ಪು. ನಿಘಂಟಿನಲ್ಲಿ ಅರ್ಥಗಳ ಜೊತೆಗೆ ಅವುಗಳ ಕಾಲವನ್ನೂ ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕೆಂದು ಓದುಗರಲ್ಲಿ ನನ್ನ ಒತ್ತಾಯದ ವಿನಂತಿ.

ಪ್ರಶ್ನೆ: ಬ್ರಿಟನ್ನಿನ ಹಣಕಾಸು ಸಚಿವರ ಪದನಾಮದಲ್ಲಿ ಬರುವ ‘ಎಕ್ಸ್‌ಚೆಕರ್’ ಪದಕ್ಕೂ ಇದಕ್ಕೂ ಸಂಬಂಧವಿದೆಯೇ? ಬ್ಯಾಂಕಿನ ಚೆಕ್ಕನ್ನು ಬ್ರಿಟನ್ನಿನಲ್ಲಿ ಒಂದು ರೀತಿ, ಅಮೆರಿಕದಲ್ಲಿ ಇನ್ನೊಂದು ರೀತಿ ಬರೆಯುವುದೇಕೆ?

ಉತ್ತರ: ಸಂಬಂಧವಿದೆ, ಮತ್ತು ಈ ಪದದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಹಳೆಯ ಫ್ರೆಂಚಿನಲ್ಲಿ ಚದುರಂಗದ ಹಾಸನ್ನು ‘ಎಶೆಕಿಯೆ’ ಎನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಒಂದನೆಯ ಹೆನ್ರಿಯ ಆಳ್ವಿಕೆಯ ಹೊತ್ತಿಗೆ ರಾಜಾದಾಯದ ಲೆಕ್ಕ ತೀರಿಸಲು ಒಂದು ದೊಡ್ಡ ಮೇಜನ್ನು ಬಳಸುತ್ತಿದ್ದರು. ಅದರ ಮೇಲೆ ಗೆರೆಗಳಿಂದ ಅಂಕಣಗಳಾಗಿ ವಿಭಾಗಿಸಿದ ಬಟ್ಟೆ ಹಾಸಿರುತ್ತಿತ್ತು. ನೋಟಕ್ಕೆ ಚದುರಂಗದ ಹಾಸಿನಂತಿದ್ದುದರಿಂದ ಮೇಜಿಗೂ, ಕ್ರಮೇಣ ಅದರ ಸುತ್ತ ಕುಳಿತ ಅಧಿಕಾರಿಗಳ ಇಲಾಖೆಗೂ ಆ ಹೆಸರೇ ನಿಂತಿತು; ಅದೇ ಇಂಗ್ಲಿಷಿನಲ್ಲಿ ‘ಎಕ್ಸ್‌ಚೆಕರ್’ ಆಯಿತು. ಆ ಇಲಾಖೆಯ ವಾರ್ಷಿಕ ಲೆಕ್ಕದ ಸುರುಳಿಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು 1130ಕ್ಕೆ ಸೇರಿದೆ.

ಎರಡನೆಯ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಈ ಇಲಾಖೆಯ ಕಾರ್ಯವಿಧಾನವನ್ನು ಗುರುಶಿಷ್ಯರ ಸಂವಾದದ ರೂಪದಲ್ಲಿ ಲ್ಯಾಟಿನ್ನಿನಲ್ಲಿ ಬರೆದಿಟ್ಟಿದ್ದಾನೆ. ಮೇಜು ಸುಮಾರು 10 ಅಡಿ ಉದ್ದ, 5 ಅಡಿ ಅಗಲವಿತ್ತು. ಮೇಲಿಟ್ಟದ್ದು ಉರುಳಿ ಬೀಳದಂತೆ ನಾಲ್ಕು ಬೆರಳೆತ್ತರದ ಅಂಚು ಇತ್ತು. ಹಾಸಿದ್ದು ಕಪ್ಪು ಬಟ್ಟೆ. ಪೆನ್ಸ್, ಷಿಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ ಹೀಗೆ ಒಂದೊಂದು ಅಂಕಣಕ್ಕೆ ಒಂದೊಂದು ಬೆಲೆ. ಸೊನ್ನೆಯಿಲ್ಲದ ರೋಮನ್ ಅಂಕಿಗಳಲ್ಲಿ ಕಾಗದದ ಮೇಲೆ ಕೂಡಿ ಕಳೆಯುವುದು ತೊಡಕಿನ ಕೆಲಸವಾಗಿದ್ದ ಕಾಲದಲ್ಲಿ, ಅಂಕಣಗಳಲ್ಲಿ ಬಿಲ್ಲೆಗಳನ್ನು ಇಟ್ಟು ತೆಗೆದು ಎಲ್ಲರ ಕಣ್ಣೆದುರಿಗೇ ಲೆಕ್ಕ ಮುಗಿಸಬಹುದಾಗಿತ್ತು. ತನ್ನ ಪ್ರಾಂತದ ರಾಜಾದಾಯವನ್ನು ವಸೂಲು ಮಾಡಿ ಕಟ್ಟಬೇಕಾದ ಅಧಿಕಾರಿ ಷೆರೀಫ್; ಓದುಬರಹ ಬಾರದ ಷೆರೀಫನಿಗೂ ತಾನು ಕಟ್ಟಬೇಕಾದದ್ದು ಎಷ್ಟು, ಕಟ್ಟಿದ್ದು ಎಷ್ಟು ಎಂಬುದು ಕಾಣುತ್ತಿತ್ತು. ಚದುರಂಗದಲ್ಲಿ ಎರಡು ಪಕ್ಷಗಳು ಕಾದುವಂತೆ ಇಲ್ಲಿ ಖಜಾಂಚಿಗೂ ಷೆರೀಫನಿಗೂ ಕಾಳಗ ನಡೆಯುತ್ತದೆ ಎಂದು ಫಿಟ್ಸ್‌ನೀಲ್ ಸ್ವತಃ ವಿವರಿಸುವುದರಿಂದ, ಹೆಸರಿನ ಮೂಲದ ಬಗ್ಗೆ ನಾವು ಊಹೆಯನ್ನು ನೆಚ್ಚಬೇಕಾಗಿಲ್ಲ. ಚೌಕುಳಿ ಬಟ್ಟೆಗೆ ‘ಚೆಕ್’ ಎಂಬ ಹೆಸರು ಬಂದದ್ದು ಕೂಡ ಚದುರಂಗದ ಹಾಸಿನ ಈ ಹೆಸರಿನಿಂದಲೇ.

ಹಣ ಸಂದಾಯವಾದುದಕ್ಕೆ ಆ ಇಲಾಖೆ ಗೀರು ಹಾಕಿದ ಮರದ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಒಂದು ಭಾಗವನ್ನು ಕೊಟ್ಟವನಿಗೆ ನೀಡಿ, ಇನ್ನೊಂದನ್ನು ತಾನು ಇಟ್ಟುಕೊಳ್ಳುತ್ತಿತ್ತು. ಎರಡು ಸೀಳುಗಳ ಗೀರುಗಳು ಕೂಡಿಬಂದರೆ ಲೆಕ್ಕ ಸರಿ. 1826ರಲ್ಲಿ ಈ ಪದ್ಧತಿ ನಿಂತಿತು. ಉಳಿದಿದ್ದ ಕಡ್ಡಿಗಳನ್ನು 1834ರ ಅಕ್ಟೋಬರಿನಲ್ಲಿ ಒಲೆಗೆ ಹಾಕಿ ಸುಡುವಾಗ ಹೊಗೆಗೂಡು ಮಿತಿಮೀರಿ ಕಾದು ಲಂಡನ್ನಿನ ಸಂಸತ್ ಭವನದ ಬಹುಭಾಗವೇ ಬೆಂಕಿಗೆ ಆಹುತಿಯಾಯಿತು.

ಬ್ಯಾಂಕಿನ ಚೆಕ್ಕಿನ ಹಿಂದಿರುವುದೂ ಇಂಥದೇ ಆಲೋಚನೆ. 18ನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂದರೆ ಹಣದ ಪತ್ರವಲ್ಲ, ಅದರ ಕೌಂಟರ್‌ಫಾಯಿಲ್, ಅಂದರೆ ಪತ್ರವನ್ನು ಹರಿದುಕೊಟ್ಟ ಮೇಲೆ ತಾಳೆ ನೋಡಲು ಉಳಿಯುವ ತುಂಡು. ಖೋಟಾ ಪತ್ರಗಳಿಗೆ ಅದು ತಡೆಯಾಗಿದ್ದುದರಿಂದ ಆ ಹೆಸರು. ಹೆಸರು ಮುಂದೆ ಪತ್ರಕ್ಕೇ ವರ್ಗಾವಣೆಯಾಯಿತು. ಬ್ರಿಟನ್ನಿನವರು ಬ್ಯಾಂಕಿನ ಪತ್ರವನ್ನು ಇತರ ಅರ್ಥಗಳಿಂದ ಬೇರ್ಪಡಿಸಲು ‘ಎಕ್ಸ್‌ಚೆಕರ್’ ಪದದ ಮಾದರಿಯಲ್ಲಿ ‘ಕ್ಯೂ’ ಅಕ್ಷರವಿರುವ ಕಾಗುಣಿತವನ್ನು ರೂಢಿಗೆ ತಂದರು, ಅಮೆರಿಕನ್ನರು ಹಳೆಯ ಕಾಗುಣಿತವನ್ನೇ ಉಳಿಸಿಕೊಂಡರು. ಆದ್ದರಿಂದ ಅಮೆರಿಕದ ರೂಪ ತಪ್ಪು ಎಂಬ ಮಾತಿಗೆ ಆಧಾರವಿಲ್ಲ.

ಪ್ರಶ್ನೆ: ‘ಚೆಕ್‌ಮೇಟ್’ ಎಂದರೆ ‘ರಾಜ ಸತ್ತ’ ಎಂದು ಓದಿದ್ದೇನೆ. ಸರಿಯೇ?

ಉತ್ತರ: ಪೂರ್ತಿ ಸರಿಯಲ್ಲ. ಮೂಲ ನುಡಿ ‘ಶಾಹ್ ಮಾತ್’. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತನು ಎಂದಾಗುವುದರಿಂದ ಈ ವಿವರಣೆ ಹಬ್ಬಿತು. ಪಾರಸಿಯ ‘ಮಾತ್’ ಪದಕ್ಕಾದರೋ ದಿಕ್ಕುತೋಚದವನು, ನಿರುಪಾಯನಾದವನು ಎಂಬ ಅರ್ಥವಿದೆ. ಚದುರಂಗದಲ್ಲಿ ರಾಜನನ್ನು ಕೊಂದು ಹಾಸಿನಿಂದ ತೆಗೆಯುವ ಪದ್ಧತಿ ಇಲ್ಲ. ತಪ್ಪಿಸಿಕೊಳ್ಳುವ ಮನೆ ಒಂದೂ ಉಳಿಯದೆ ಅವನು ಸಿಕ್ಕಿಬಿದ್ದಾಗಲೇ ಆಟ ಮುಗಿಯುತ್ತದೆ. ಆಟದ ನಿಯಮವೂ ಪಾರಸಿ ಅರ್ಥದ ಪರವಾಗಿಯೇ ಸಾಕ್ಷಿ ಹೇಳುವುದರಿಂದ ನಾನು ಅದನ್ನೇ ಒಪ್ಪುತ್ತೇನೆ.

ಪ್ರಶ್ನೆ: ರಾಜ್ಯಶಾಸ್ತ್ರದಲ್ಲಿ ಬರುವ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎಂಬಲ್ಲಿ ಯಾವ ಅರ್ಥ?

ಉತ್ತರ: ತಡೆ ಎಂಬ ಅರ್ಥ. 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು: ಕಾಂಗ್ರೆಸ್ ಅಂಗೀಕರಿಸಿದ ಮಸೂದೆಯನ್ನು ಅಧ್ಯಕ್ಷರು ತಿರಸ್ಕರಿಸಬಹುದು, ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಆ ತಿರಸ್ಕಾರವನ್ನು ಮೀರಬಹುದು. ಇಲ್ಲಿ ನಡೆಯುವುದು ಒಂದು ಅಂಗ ಇನ್ನೊಂದನ್ನು ಹಿಡಿದು ನಿಲ್ಲಿಸುವ ಕ್ರಿಯೆ, ಬರಿಯ ತಪಾಸಣೆಯಲ್ಲ. ಇದನ್ನು ‘ಪರಿಶೀಲನೆ ಮತ್ತು ಸಮತೋಲನ’ ಎಂದು ಅನುವಾದಿಸಿದರೆ ಮುಖ್ಯ ಆಶಯವೇ ತಪ್ಪಿಹೋಗುತ್ತದೆ. ‘ನಿರ್ಬಂಧ ಮತ್ತು ಸಮತೋಲನ’ ಎಂಬುದು ಹೆಚ್ಚು ನಿಷ್ಠವಾದ ಅನುವಾದ.

ಪ್ರಶ್ನೆ: ಚೆಕ್ ಗಣರಾಜ್ಯದ ಹೆಸರಿಗೂ ಇದೇ ಮೂಲವೇ?

ಉತ್ತರ: ಅಲ್ಲ. ಅದು ಸ್ಲಾವ್ ಜನಾಂಗವೊಂದರ ಹೆಸರು. ಆ ಜನರ ಐತಿಹ್ಯಗಳು ‘ಚೆಖ್’ ಎಂಬ ಮೂಲಪುರುಷನನ್ನು ಸ್ಮರಿಸುತ್ತವೆ. ಇಂಗ್ಲಿಷ್ ಆ ಹೆಸರನ್ನು ಪೋಲಿಷ್ ಕಾಗುಣಿತದಲ್ಲಿ ತೆಗೆದುಕೊಂಡಿತು. ಇಂಗ್ಲಿಷ್ ಬರಹದಲ್ಲಿ ಸ್ಪಷ್ಟವಾಗಿ ಬೇರೆಯಾಗಿ ಕಾಣುವ ಈ ಎರಡು ಪದಗಳು ಉಚ್ಚಾರಣೆಯನ್ನು ಅನುಸರಿಸುವ ಕನ್ನಡ ಲಿಪಿಯಲ್ಲಿ ಒಂದೇ ರೂಪ ಪಡೆಯುತ್ತವೆ.